ನಮ್ಮೂರ ಲೆಕ್ಕ ಪುಣೆಯ ಕಪಾಟಿನಲ್ಲಿ

ಪುಣೆಗೆ ಬಂದು ನೆಲೆಸಿದ ನಾವು ಈ ಊರನ್ನು ಬೇರೆ ಬೇರೆ ಕಾರಣಗಳಿಂದ ಬಲ್ಲೆವು. ಕೆಲವರನ್ನು ದಂಡಿನ ನೌಕರಿ ಇಲ್ಲಿಗೆ ಕರೆತಂದಿತು, ಕೆಲವರನ್ನು ಕಾರಖಾನೆ, ಇನ್ನು ಕೆಲವರನ್ನು ಹೋಟೆಲಿನ ವ್ಯಾಪಾರ. ಮಕ್ಕಳ ವಿದ್ಯಾಭ್ಯಾಸಕ್ಕೆಂದೇ ಬಂದು ಉಳಿದವರೂ ಉಂಟು. ಆದರೆ ಡೆಕ್ಕನ್ ಜಿಮಖಾನಾದ ಕಡೆಗೆ ಹೋಗಿಬರುವಾಗ ಗೋಖಲೆ ಅರ್ಥಶಾಸ್ತ್ರ-ರಾಜ್ಯಶಾಸ್ತ್ರ ಸಂಸ್ಥೆಯ ಆವರಣವನ್ನು ಹೊರಗಿನಿಂದ ನೋಡಿದ ನಮ್ಮಲ್ಲಿ ಎಷ್ಟು ಮಂದಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ನೂರಾರು ವರ್ಷಗಳ ಲೆಕ್ಕಪತ್ರ ಅಲ್ಲಿಯ ಗ್ರಂಥಾಲಯದಲ್ಲಿ ಇದೆಯೆಂದು ಬಲ್ಲೆವು?

ಈ ಗ್ರಂಥಾಲಯದ ಕಥೆ ಸಂಸ್ಥೆಗಿಂತ ಹಳೆಯದು. 1905ರ ಜೂನ್ 12ರಂದು ಗೋಪಾಲಕೃಷ್ಣ ಗೋಖಲೆಯವರು ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು, ಅಂದರೆ ಭಾರತ ಸೇವಕರ ಸಂಘವನ್ನು ಸ್ಥಾಪಿಸಿದರು. ದೇಶಸೇವೆಗೆ ಜೀವನವನ್ನೇ ಮುಡಿಪಿಡುವ ತರುಣರು ಮೊದಲು ಓದಬೇಕು, ದೇಶದ ಸ್ಥಿತಿಯನ್ನು ಅಭ್ಯಾಸ ಮಾಡಬೇಕು, ಆಮೇಲೆ ಮಾತನಾಡಬೇಕು ಎಂಬುದು ಅವರ ಕಟ್ಟಳೆ. ಅದಕ್ಕಾಗಿ ಸಂಘದೊಡನೆಯೇ ಪುಸ್ತಕಸಂಗ್ರಹವೂ ಹುಟ್ಟಿತು.

ಗೋಖಲೆಯವರು ಈ ಪಾಠವನ್ನು ಕಷ್ಟಪಟ್ಟು ಕಲಿತವರು. ಕೊಂಕಣದ ಕೋತಳೂಕಿನಲ್ಲಿ 1866ರಲ್ಲಿ ಹುಟ್ಟಿ, ನಮ್ಮ ನಿಪ್ಪಾಣಿಗೆ ಹತ್ತಿರದ ಕಾಗಲದಲ್ಲಿ ಬಾಲ್ಯ ಕಳೆದ ಅವರು, 1897ರಲ್ಲಿ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಇಂಗ್ಲೆಂಡಿಗೆ ಹೋದರು. ಭಾರತದ ಹಣಕಾಸಿನ ಬಗ್ಗೆ ಅಂದು ಅವರು ಹೇಳಿದ್ದು ಅಂಕಿಅಂಶಗಳ ಬಲದಿಂದ ಗಟ್ಟಿಯಾಗಿ ನಿಂತಿತು. ಆ ಅಂಕಿಗಳನ್ನು ಒದಗಿಸುವುದರಲ್ಲಿ ಗಣೇಶ ವ್ಯಂಕಟೇಶ ಜೋಶಿಯವರ ನೆರವು ದೊಡ್ಡದು. ಆದರೆ ಅದೇ ಪ್ರವಾಸದಲ್ಲಿ ಗೋಖಲೆಯವರು, ಪ್ಲೇಗಿನ ಕಾಲದಲ್ಲಿ ಪುಣೆಯ ಮನೆಗಳನ್ನು ಶೋಧಿಸಿದ ಸೈನಿಕರ ವರ್ತನೆಯ ಬಗ್ಗೆ, ಸ್ನೇಹಿತರು ಬರೆದ ಪತ್ರಗಳನ್ನು ನಂಬಿ ಗಂಭೀರ ಆಪಾದನೆ ಮಾಡಿದರು. ಊರಿಗೆ ಮರಳಿದಾಗ ರುಜುವಾತು ಸಿಗಲಿಲ್ಲ. ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆ ಅವಮಾನ ಅವರನ್ನು ಬಹುಕಾಲ ಬಾಧಿಸಿತು.

ಐದು ವರ್ಷಗಳ ಮೇಲೆ, 1902ರಲ್ಲಿ, ಕಲಕತ್ತೆಯ ಶಾಸನಸಭೆಯಲ್ಲಿ ಅವರು ತಮ್ಮ ಮೊದಲ ಆಯವ್ಯಯ ಭಾಷಣ ಮಾಡಿದರು. ಸರಕಾರದ ಬೊಕ್ಕಸದಲ್ಲಿ ಹಣ ಉಳಿದಿದೆಯೆಂದ ಮಾತ್ರಕ್ಕೆ ಪ್ರಜೆಗಳು ಸುಖವಾಗಿದ್ದಾರೆಂದು ಅರ್ಥವಲ್ಲವೆಂದು ಸರಕಾರದ ಅಂಕಿಗಳಿಂದಲೇ ಸಿದ್ಧಮಾಡಿ, ಉಪ್ಪಿನ ತೆರಿಗೆಯನ್ನು ಇಳಿಸಬೇಕೆಂದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಆ ತೆರಿಗೆ 1903ರಲ್ಲಿ 2 ರೂಪಾಯಿಗೂ, 1907ರ ಹೊತ್ತಿಗೆ 1 ರೂಪಾಯಿಗೂ ಇಳಿಯಿತು. ಅದು ಒಬ್ಬರ ಮಾತಿನಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ಆಧಾರವಿಲ್ಲದ ಮಾತಿಗೂ ಆಧಾರವುಳ್ಳ ಮಾತಿಗೂ ಇರುವ ಅಂತರವನ್ನು ಗೋಖಲೆಯವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅಂಥವರು ಕಟ್ಟಿದ ಸಂಘದಲ್ಲಿ ಗ್ರಂಥಾಲಯಕ್ಕೆ ಹಿರಿಯ ಸ್ಥಾನ ದೊರೆತದ್ದರಲ್ಲಿ ಆಶ್ಚರ್ಯವಿಲ್ಲ.

ಗೋಖಲೆಯವರು 1915ರಲ್ಲಿ ತೀರಿಕೊಂಡರು. ಸಾತಾರೆಯ ವಕೀಲರಾದ ರಾವ್ ಬಹಾದ್ದೂರ್ ಆರ್. ಆರ್. ಕಾಳೆಯವರ ದಾನದಿಂದ 1930ರ ಜೂನ್ 6ರಂದು ಗೋಖಲೆ ಸಂಸ್ಥೆ ಆರಂಭವಾಯಿತು. ಮೊದಲ ನಿರ್ದೇಶಕರು ಧನಂಜಯರಾವ್ ಗಾಡಗೀಳ. 1966ರವರೆಗೆ ಅವರೇ ಸಂಸ್ಥೆಯನ್ನು ನಡೆಸಿದರು. ಸೇವಕರ ಸಂಘದ ಪುಸ್ತಕಗಳೂ ಸಂಸ್ಥೆಯ ಪುಸ್ತಕಗಳೂ ಒಂದೇ ಸೂರಿನಡಿ ಬೆಳೆದವು. ಇಂದು ಆ ಗ್ರಂಥಾಲಯಕ್ಕೆ ಗಾಡಗೀಳರದೇ ಹೆಸರು. ಪುಸ್ತಕಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮೀರಿದೆ. ವಿಶ್ವಸಂಸ್ಥೆಯ ಪ್ರಕಟಣೆಗಳನ್ನು ಕ್ರಮವಾಗಿ ಪಡೆದು ಕಾಪಿಡುವ ಗ್ರಂಥಾಲಯಗಳಲ್ಲಿ ಅದೂ ಒಂದು.

ಇಲ್ಲಿ ಓದು ಓದಿನಲ್ಲೇ ನಿಲ್ಲಲಿಲ್ಲ. ಗಾಡಗೀಳರ ಕಾಲದ ಸಂಶೋಧಕರು ಹಳ್ಳಿ ಪಟ್ಟಣಗಳಿಗೆ ಹೋಗಿ ಮನೆಮನೆಯ ಆದಾಯ-ವೆಚ್ಚ ಕೇಳಿ ಬರೆದುಕೊಂಡರು. ವಾಯಿ ತಾಲೂಕಿನ ಬೇಸಾಯ, ಪುಣೆ ಪಟ್ಟಣ, ಕನ್ನಡ ಮಾತೂ ಕೇಳಿಬರುವ ಸೊಲ್ಲಾಪುರ, ಹೀಗೆ ಒಂದರ ಹಿಂದೆ ಒಂದು ಸಮೀಕ್ಷೆ ಪ್ರಕಟವಾಯಿತು. 1939ರ ಜನವರಿಯಲ್ಲಿ ಡಾ. ಅಂಬೇಡ್ಕರರು ಸಂಯುಕ್ತ ಸರಕಾರದ ಯೋಜನೆಯನ್ನು ವಿಮರ್ಶಿಸಿ ಭಾಷಣ ಮಾಡಿದ್ದು ಈ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ. 1971ರಲ್ಲಿ ಇಲ್ಲಿಯ ದಾಂಡೇಕರ್ ಮತ್ತು ನೀಲಕಂಠ ರಥ್ ಅವರು ಭಾರತದ ಬಡತನವನ್ನು ಕುರಿತು ಪುಸ್ತಕ ಬರೆದರು. ದಿನಕ್ಕೆ 2250 ಕ್ಯಾಲರಿ ಆಹಾರಕ್ಕೆ ಎಷ್ಟು ಖರ್ಚು ಬೇಕು, ಅಷ್ಟೂ ಮಾಡಲಾರದವರು ಎಷ್ಟು ಜನ ಎಂಬ ಅವರ ಲೆಕ್ಕ ದೇಶವೆಲ್ಲ ಚರ್ಚೆಯಾಯಿತು. 1993ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ದೊರೆಯಿತು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. 1956ರ ನವೆಂಬರ್ 1ರವರೆಗೆ ಉತ್ತರ ಕರ್ನಾಟಕದ ನಾಲ್ಕು ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. ಆದ್ದರಿಂದ ಮುಂಬಯಿ ಪ್ರಾಂತದ ಹಳೆಯ ಕಾಗದಪತ್ರವೆಂದರೆ ನಮ್ಮದೂ ಹೌದು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಗೆಜೆಟಿಯರುಗಳಲ್ಲಿ ಕನ್ನಡ ಜಿಲ್ಲೆಯ ಸಂಪುಟ 1883ರಲ್ಲೂ ಧಾರವಾಡ, ಬೆಳಗಾವಿ, ವಿಜಾಪುರಗಳ ಸಂಪುಟಗಳು 1884ರಲ್ಲೂ ಹೊರಬಂದವು. ಯಾವ ಊರಿನಲ್ಲಿ ಯಾವ ವಾರ ಸಂತೆ, ಎಷ್ಟು ಮಗ್ಗ, ಯಾವ ಕೆರೆ ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ವಿಂಗೇಟ್ ಮೊದಲಾದ ಅಧಿಕಾರಿಗಳು 1840ರ ದಶಕದಲ್ಲಿ ನಮ್ಮ ಹೊಲಗಳನ್ನು ಅಳೆದು ಕಂದಾಯ ಕಟ್ಟಿದ ವರದಿಗಳಿವೆ, ಜನಗಣತಿಯ ಪಟ್ಟಿಗಳಿವೆ.

ಒಂದು ಉದಾಹರಣೆ ಸಾಕು. ವಿಜಾಪುರದ ಕಡೆಯ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರದ ಮಾತನ್ನು ತಮ್ಮ ಹಿರಿಯರಿಂದ ಕೇಳಿದ್ದರು. ಅದು 1876-78ರ ಬರ. ಆಗ ಆ ಜಿಲ್ಲೆಗೆ ಕಲಾದಗಿ ಎಂಬ ಹೆಸರಿತ್ತು. 1872 ಮತ್ತು 1881ರ ಜನಗಣತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಎಂಟು ಲಕ್ಷಕ್ಕೂ ಮೇಲಿದ್ದ ಜನ ಆರೂವರೆ ಲಕ್ಷಕ್ಕಿಂತ ಕೆಳಗೆ ಬಂದದ್ದು ಕಾಣುತ್ತದೆ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು? ಬದುಕಲೆಂದು ಊರು ಬಿಡುವುದು ನಮ್ಮ ತಲೆಮಾರಿಗೆ ಹೊಸದಾಗಿ ಬಂದ ಕಷ್ಟವಲ್ಲವೆಂಬುದು ಆ ಎರಡು ಅಂಕಿಗಳ ನಡುವೆ ಬರೆದಿದೆ. ಅದೇ ಬರದ ಸುದ್ದಿಯನ್ನು ಜಿಲ್ಲೆಗಳಿಂದ ತರಿಸಿಕೊಂಡು ಸರಕಾರಕ್ಕೆ ವರದಿ ಮಾಡಿದ್ದು ಪುಣೆಯ ಸಾರ್ವಜನಿಕ ಸಭೆ. ಮುಂದೆ ಆ ಸಭೆಯ ಪತ್ರಿಕೆಯನ್ನು ತರುಣ ಗೋಖಲೆಯವರು ಸಂಪಾದಿಸಿದರು.

ಗೋಖಲೆಯವರ ಈ ಹಾದಿಯನ್ನು ಕನ್ನಡ ನಾಡಿಗೆ ತಂದವರು ಡಿ.ವಿ.ಜಿ. ಅವರು ಕನ್ನಡದಲ್ಲಿ ಗೋಖಲೆಯವರ ಜೀವನಚರಿತ್ರೆ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ನಾಡು ತಮಗೆ ಸನ್ಮಾನದ ನಿಧಿಯಾಗಿ ಕೊಟ್ಟ 90,000 ರೂಪಾಯಿಗಳನ್ನು ಆ ಸಂಸ್ಥೆಗೇ ಒಪ್ಪಿಸಿದರು.

ಪುಣೆಯಲ್ಲಿರುವ ನಮ್ಮ ಪಾಲಿಗೂ ಒಂದು ಕೆಲಸ ಉಳಿದಿದೆ. ಬರದ ಮಾತು ಬಲ್ಲ ಹಿರಿಯರಿಗೆ ಆ ಇಂಗ್ಲಿಷ್ ವರದಿಗಳನ್ನು ಓದಲು ಬಾರದು. ವರದಿ ಓದಬಲ್ಲ ಮಕ್ಕಳಿಗೆ ಧಾತು ಬರವೆಂದರೆ ತಿಳಿಯದು. ಎರಡನ್ನೂ ಬಲ್ಲವರು ಮನೆಯಲ್ಲಿ ಇರುವಾಗಲೇ ಇವರನ್ನು ಒಂದೆಡೆ ಕೂಡಿಸಬೇಕು. ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ಓದುತ್ತಿರುವ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಪರೀಕ್ಷೆಯ ಪುಸ್ತಕಕ್ಕೆಂದು ಗ್ರಂಥಾಲಯಕ್ಕೆ ಹೋದಾಗ ತಮ್ಮ ತಾಲೂಕಿನ ಒಂದು ಪುಟವನ್ನೂ ಹುಡುಕಿ ಬರುವಂತೆ ಅವರಿಗೆ ಹೇಳೋಣ. ಹೊರಗಿನವರು ಪ್ರವೇಶದ ನಿಯಮಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹೋಗಲಾಗದವರಿಗೂ ದಾರಿಯುಂಟು: ಹಳೆಯ ಪುಸ್ತಕಗಳಲ್ಲಿ ಸಾವಿರಾರನ್ನು ಸಂಸ್ಥೆ ಗಣಕಯಂತ್ರಕ್ಕೆ ಏರಿಸಿ, ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಮಾಡಿದೆ.

ಆ ಪುಟವನ್ನು ಮನೆಗೆ ತಂದು, ರಾತ್ರಿ ಊಟವಾದ ಮೇಲೆ ಅಜ್ಜ ಅಜ್ಜಿಯರ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಸಾಹೇಬನ ಲೆಕ್ಕ ಎಲ್ಲಿ ತಪ್ಪಿದೆಯೆಂದು ಅವರು ತಿದ್ದಿದರೆ ಅದನ್ನೂ ಬರೆದಿಟ್ಟುಕೊಳ್ಳಲಿ.