ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ

ರೋಣ, ನರಗುಂದ, ಗಜೇಂದ್ರಗಡಗಳೆಂದೊಡನೆ ಚರಿತ್ರೆ ಬಲ್ಲವರಿಗೆ 1858ರ ಬಾಬಾಸಾಹೇಬನ ಬಂಡಾಯವೋ, 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಆದ ಒಪ್ಪಂದವೋ ನೆನಪಾಗುವುದು ಸಹಜ. ನಾನಿಂದು ಹೇಳಹೊರಟಿರುವುದು ಒಂದು ಸಂಖ್ಯೆಯ ಮಾತು: 12345654321. ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ‘ಕವಿರಾಜಮಾರ್ಗ’ವು ಕನ್ನಡದ ತಿರುಳೆಂದು ಕರೆಯಿತು. ರೋಣ, ನರಗುಂದಗಳು ಆ ಎಲ್ಲೆಯೊಳಗಿವೆ; ಗಜೇಂದ್ರಗಡ ಅದರ ಮೂಡಣ ಅಂಚಿನಲ್ಲಿದೆ. ಆ ಕೃತಿಯೊಡನೆ ಹೆಸರು ಬೆಸೆದುಕೊಂಡ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ದೊರೆಯ ಸ್ತುತಿಯೊಡನೆ ಆರಂಭವಾಗುವ ಆ ಗ್ರಂಥದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳಿವೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯೂ ಇದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದನು.

ಈ ಹಾರದ ಗುಟ್ಟು ಸರಳವಾದುದು. 111111ನ್ನು ಅದರಿಂದಲೇ ಗುಣಿಸಿರಿ. ಆರು ಒಂದುಗಳ ಆರು ಸಾಲುಗಳು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದು ನಿಲ್ಲುತ್ತವೆ. ಕೂಡಿದಾಗ ಅಂಚಿನಲ್ಲಿ ಒಂದು, ನಡುವೆ ಆರು. 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ಆದುದರಿಂದ ನಮ್ಮ ಸಂಖ್ಯೆ ಈ ಐದರ ವರ್ಗಗಳಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಅಂಕಗಳ ಮೊತ್ತ 36. ಅದೂ ಆರರ ವರ್ಗವೇ.

ಇದನ್ನು ಓದಿದ ವರ್ಷ ಗಜೇಂದ್ರಗಡದಲ್ಲಿ ಮಗ್ಗಕ್ಕೆ ಕುಳಿತಿದ್ದ ನನ್ನ ಅಕ್ಕನಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಲ್ಪಟ್ಟವಳು ಆಕೆ. ಕ್ಷಣಹೊತ್ತು ನೋಡಿ, “ಇದು ದಡಿ ಲೆಕ್ಕ ಆತಲ್ಲೋ ತಮ್ಮಾ! ಏರಿದ್ದು ಇಳೀತೈತಿ. ಖರೆ, ಎಷ್ಟರ ತನಕಾ ಏರತೈತಿ?” ಎಂದಳು.

ಪದವೀಧರನಾದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ರಾತ್ರಿ ಕುಳಿತು ಗುಣಿಸಿದೆ. ಒಂಬತ್ತು ಒಂದುಗಳವರೆಗೆ ಹಾರ ಕೆಡುವುದಿಲ್ಲ: 12345678987654321. ಹತ್ತು ಒಂದುಗಳಾದರೆ ನಡುಮನೆಗೆ ಹತ್ತು ಬರುತ್ತದೆ; ಹತ್ತಕ್ಕೆ ಒಂಟಿ ಅಂಕವಿಲ್ಲ, ದಶಕ ಎಡಕ್ಕೆ ದಾಟುತ್ತದೆ. ಆಗ ಬರುವುದು 1234567900987654321. ದಡಿ ಹರಿಯಿತು. ಬೆಳಿಗ್ಗೆ ಹೇಳಿದೆ. “ಹೌದಲ್ಲ, ಒಂದು ಮನ್ಯಾಗ ಹತ್ತು ಹೆಂಗ ಕುಂತಾವು?” ಎಂದು ಅಕ್ಕ ಮತ್ತೆ ಲಾಳಿ ಎಸೆದಳು.

ಮಹಾವೀರನು ಈ ಊರುಗಳಲ್ಲಿ ನಡೆದಾಡಿದನೆಂದು ನಾನು ಸಾಧಿಸಹೊರಟಿಲ್ಲ. ಆದರೆ ನೃಪತುಂಗನ ಕಾಲವೆಂದರೆ ನಾವು ಕಾವ್ಯವನ್ನಷ್ಟೇ ನೆನೆಯುತ್ತೇವೆ, ಗಣಿತವನ್ನು ಮರೆಯುತ್ತೇವೆ. ಆಚಾರ್ಯನಿಗೆ ಸ್ತುತಿಸಲು ಒಬ್ಬ ದೊರೆಯಾದರೂ ಇದ್ದ. ಅಕ್ಕನ ಪ್ರಶ್ನೆಯನ್ನು ಕೇಳಿಸಿಕೊಂಡವನು ನಾನೊಬ್ಬನೇ; ಅದೂ ಬಹಳ ತಡವಾಗಿ.