ಸಂತೆ ಕನ್ನಡಕದಿಂದ ಮೊಬೈಲ್ ಲೆನ್ಸಿನವರೆಗೆ

ನಾನು ಏಳನೇ ಕ್ಲಾಸು ಓದಿದವನು. ಹೊಲ, ದನ, ರಾತ್ರಿ ಹೊತ್ತು ಮಾದಪ್ಪನ ಪದ, ಇಷ್ಟೇ ನನ್ನ ಬದುಕು. ಕಣ್ಣಿನ ವಿಷಯ ಬರೀರಿ ಅಂತ ವಾಚನಾಲಯದ ಮೇಷ್ಟ್ರು ಹೇಳಿದ್ದು ನನ್ನ ಮೊಮ್ಮಗಳಿಗೆ ಆದದ್ದು ಕೇಳಿ. ಅವಳ ಕತೆಗೆ ಆಮೇಲೆ ಬರ್ತೀನಿ. ಮೊದಲು ನಮ್ಮಪ್ಪನದು.

ನಾನು ಹುಡುಗನಾಗಿದ್ದಾಗ, ಜೋಳ ಕೊಯ್ಯುವ ಕಾಲದಲ್ಲಿ ಅಪ್ಪನ ಬಲಗಣ್ಣಿಗೆ ಸೋಗೆ ಗೀರಿತು. ಸೊಪ್ಪಿನ ರಸ ಹಿಂಡಿದರು, ಮೊಲೆಹಾಲು ಬಿಟ್ಟರು. ಹತ್ತು ಹದಿನೈದು ದಿನಕ್ಕೆ ಕರಿಗುಡ್ಡೆ ಮೇಲೆ ಬೆಳ್ಳಗೆ ಹೂ ಕೂತಿತು, ಆ ಕಣ್ಣು ಹೋಯಿತು. ಸೋಗೆ, ಹೊಟ್ಟು ತಾಕಿದ ಗೀರಿನಲ್ಲಿ ಬೂಷ್ಟು ಬೆಳೆಯುತ್ತೆ, ನಮ್ಮ ಕಡೆ ಬೇಸಾಯದವರಿಗೆ ಅದು ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆಗ ಚೀಟಿ ಅನ್ನೋದೇ ಇರಲಿಲ್ಲ. ಪುಳಿಯಂಪಟ್ಟಿ ಸಂತೆಯಲ್ಲಿ ಒಬ್ಬ ಗೋಣಿ ಹಾಸಿ ಕನ್ನಡಕ ಹರಡಿಕೊಂಡು ಕೂತಿರುತ್ತಿದ್ದ. ಒಂದೊಂದಾಗಿ ಹಾಕಿ ನೋಡೋದು, ಯಾವುದರಲ್ಲಿ ಅಕ್ಷರ ಕಂಡರೆ ಅದನ್ನ ಕೊಂಡುಕೊಳ್ಳೋದು. ಸಿರುಮುಗೈ ದೇವಾಂಗದವರು ಎಷ್ಟೋ ಜನ ಹಾಗೇ ಕೊಂಡು ಮಗ್ಗದ ನೂಲು ನೋಡ್ತಿದ್ದರು. ಅದರಿಂದ ಕಣ್ಣೇನೂ ಕೆಡಲಿಲ್ಲ. ಕನ್ನಡಕ ಮೂಗಿನ ಮೇಲೆ ಕೂರುತ್ತೆ, ಕಣ್ಣನ್ನು ಮುಟ್ಟೋದಿಲ್ಲ. ಆದರೆ ಒಳಗೆ ಬೇರೆ ಕಾಯಿಲೆ ಇದ್ದರೆ ಸಂತೆಯವನು ನೋಡಿ ಹೇಳುವನೇ?

1976ರಲ್ಲಿ ಮಧುರೈಯಲ್ಲಿ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು 11 ಹಾಸಿಗೆ ಇಟ್ಟುಕೊಂಡು ಅರವಿಂದ್ ಕಣ್ಣಾಸ್ಪತ್ರೆ ಶುರು ಮಾಡಿದರು. ಸಂಧಿವಾತದಿಂದ ಅವರ ಬೆರಳೆಲ್ಲ ಸೊಟ್ಟಗಾಗಿದ್ದವು, ಆ ಬೆರಳಲ್ಲೇ ಕತ್ತಿ ಹಿಡಿದು ಸಾವಿರಾರು ಕಣ್ಣು ತೆರೆಸಿದವರು ಅವರು. ಅದೇ ವರ್ಷ ಸರ್ಕಾರವೂ ಕುರುಡುತನ ತಡೆಯುವ ಯೋಜನೆ ತಂದಿತು. ಕೊಯಮತ್ತೂರಿನಲ್ಲಿ ಶಂಕರ ಕಣ್ಣಾಸ್ಪತ್ರೆ ಬಂತು. 1997ರಲ್ಲಿ ಅವಿನಾಶಿ ರಸ್ತೆಯಲ್ಲಿ ಅರವಿಂದದವರೂ ಬಂದರು. ಊರೂರಿಗೆ ಶಿಬಿರ. ಸ್ಕೂಲು ಬೆಂಚಿನ ಮೇಲೆ ಕೂರಿಸಿ, ಟಾರ್ಚು ಬಿಟ್ಟು ನೋಡಿ, ಕೈಗೆ ಒಂದು ಚೀಟಿ ಕೊಟ್ಟರು. ನಮ್ಮವರು ಚೀಟಿ ಕಂಡದ್ದು ಹಾಗೆ.

ಕಣ್ಣೊಳಗೆ ಇಡುವ ಲೆನ್ಸಿನ ಕತೆ ಇನ್ನೂ ಹಳೇದು. 1880ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫಿಕ್ ಎಂಬ ಡಾಕ್ಟರು ಗಾಜಿನಲ್ಲಿ ಮಾಡಿದರು. ಗಾಜು ಇಟ್ಟುಕೊಂಡು ಎಷ್ಟು ಹೊತ್ತು ಇರೋಕಾಗುತ್ತೆ! ಮೆತ್ತನೆಯದು ಹುಟ್ಟಿದ ಬಗೆ ನನಗೆ ಬಹಳ ಇಷ್ಟ. ಚೆಕೊಸ್ಲೊವಾಕಿಯಾದಲ್ಲಿ ಒಟ್ಟೊ ವಿಖ್ಟರ್ಲೆ ಎಂಬ ವಿಜ್ಞಾನಿ, 1961ರ ಕ್ರಿಸ್‌ಮಸ್ ರಜದಲ್ಲಿ, ಮಕ್ಕಳ ಆಟದ ಸಾಮಾನು ಜೋಡಿಸಿ, ಸೈಕಲ್ ಡೈನಮೊ ಕಟ್ಟಿ, ಮನೆಯಲ್ಲೇ ತಿರುಗಿಸಿ ಮಾಡಿದರಂತೆ. ನಮ್ಮ ಹುಡುಗರು ಸೈಕಲ್ ಡೈನಮೊದಲ್ಲಿ ಏನೇನು ಮಾಡಿ ಬೈಸಿಕೊಂಡಿಲ್ಲ! 1971ರಲ್ಲಿ ಅಮೆರಿಕಾ ಸರ್ಕಾರ ಮೆತ್ತನೆ ಲೆನ್ಸಿಗೆ ಒಪ್ಪಿಗೆ ಕೊಟ್ಟಿತು.

1980ರ ದಶಕದಲ್ಲಿ ಅಲ್ಲೇ ತೊಂದರೆ ಶುರುವಾಯಿತು. ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಮಾಡಿದ ನೀರಿನಲ್ಲಿ ಲೆನ್ಸು ತೊಳೆದವರ ಕಣ್ಣಿಗೆ ಅಕಾಂತಮೀಬಾ ಎಂಬ ಹುಳು ಹತ್ತಿತು. ಕಣ್ಣಿಗೆ ಕಾಣದ ಹುಳು, ಬಾವಿ ನೀರು, ನಲ್ಲಿ ನೀರು ಎಲ್ಲದರಲ್ಲೂ ಇರುತ್ತೆ. 2003ರಲ್ಲಿ ಅಲ್ಲಿ ಕಾನೂನು ಬಂತು: ಡಾಕ್ಟರು ಕೇಳದೇನೇ ಚೀಟಿ ಕೈಗೆ ಕೊಡಬೇಕು, ಮಾರುವವನು ಅದನ್ನು ಸರಿನೋಡಿಯೇ ಮಾರಬೇಕು. 2005ರಲ್ಲಿ, ನಂಬರಿಲ್ಲದ ಬಣ್ಣದ ಲೆನ್ಸಿಗೂ ಅದೇ ಲೆಕ್ಕ ಅಂದರು. ನಮ್ಮ ದೇಶದಲ್ಲಿ 2020ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿಗೆ ಔಷಧಿಯ ಸಮ. ಆದರೂ ಮೊಬೈಲಿನಲ್ಲಿ ಬಳೆ ಕೊಂಡ ಹಾಗೆ ಲೆನ್ಸು ಕೊಳ್ಳಬಹುದು ಅನ್ನೋದಕ್ಕೆ ನಮ್ಮ ಮನೆಯೇ ಸಾಕ್ಷಿ.

ಮೊಮ್ಮಗಳು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಆಫೀಸಿನಲ್ಲಿದ್ದಾಳೆ. ಗೆಳತಿ ಮದುವೆಗೆ ಜೇನು ಬಣ್ಣದ ಲೆನ್ಸು ತರಿಸಿದಳು. ಚೀಟಿ ಯಾರೂ ಕೇಳಲಿಲ್ಲ. ಬೋರ್ ನೀರಲ್ಲಿ ತೊಳೆದಳು, ಹಾಕಿಕೊಂಡೇ ಬಸ್ಸಲ್ಲಿ ನಿದ್ದೆ ಮಾಡಿದಳು. ಮೂರನೇ ದಿನ ಕಣ್ಣು ಕೆಂಡ, ಬೆಳಕು ನೋಡೋಕಾಗದು. ಅವಳ ಅಜ್ಜಿ ಹರಳೆಣ್ಣೆ ತಂದಳು. ನನಗೆ ಅಪ್ಪನ ಕಣ್ಣು ನೆನಪಾಯಿತು. ಎಣ್ಣೆ ಬಟ್ಟಲು ಕಿತ್ತುಕೊಂಡು, ಸಿಕ್ಕಿದ ಬಸ್ಸು ಹತ್ತಿಸಿ ಕೊಯಮತ್ತೂರಿಗೆ ಕರಕೊಂಡು ಹೋದೆ.

ಆ ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ಕರಿಗುಡ್ಡೆಯ ಮೇಲಿನ ಪೊರೆಗೆ ರಕ್ತನಾಳ ಇಲ್ಲ, ಅದು ಗಾಳಿಯಿಂದಲೇ ಉಸಿರಾಡಬೇಕು. ಬಾಗು ಹೊಂದದ ಲೆನ್ಸು ಅದರ ಬಾಯಿ ಮುಚ್ಚಿದ ಹಾಗೆ. ಒಬ್ಬೊಬ್ಬರ ಕಣ್ಣಿನ ಬಾಗು ಒಂದೊಂದು ಥರ, ಅದಕ್ಕೇ ಲೆನ್ಸಿನ ಚೀಟಿಯೇ ಬೇರೆ: ನಂಬರಿನ ಜೊತೆ ಬಾಗು, ಅಗಲ, ಲೆನ್ಸಿನ ಹೆಸರು, ಚೀಟಿ ಯಾವ ದಿನದವರೆಗೆ ಅನ್ನೋದೆಲ್ಲ ಅದರಲ್ಲಿರುತ್ತೆ. ಕನ್ನಡಕ ಮೈನಸ್ 6 ಇದ್ದವರಿಗೆ ಲೆನ್ಸು ಸುಮಾರು ಮೈನಸ್ 5.50 ಸಾಕಾಗುತ್ತೆ, ಕಣ್ಣಿಗೆ ಅಂಟಿಕೊಂಡು ಕೂರುತ್ತಲ್ಲ ಅದಕ್ಕೆ. ಆದ್ದರಿಂದ ಕನ್ನಡಕದ ಚೀಟಿ ನೋಡಿ ಲೆನ್ಸು ತರಿಸಬಾರದು. ಮೊಬೈಲಿನಲ್ಲಿ ಕೊಳ್ಳೋದೇ ತಪ್ಪು ಅಂತ ಅವರು ಅನ್ನಲಿಲ್ಲ. ವರ್ಷದೊಳಗಿನ ಚೀಟಿ ಇರಲಿ, ಅದನ್ನು ಕೇಳುವ ಅಂಗಡಿಯಲ್ಲೇ ಕೊಳ್ಳಿ, ಸೀಲು ಒಡೆದ ಡಬ್ಬಿ, ತಾರೀಕು ಮುಗಿದದ್ದು, ಚೀಟಿಯಲ್ಲಿರೋದು ಬಿಟ್ಟು ಬೇರೆ ಹೆಸರಿನದು ಬಂದರೆ ವಾಪಸ್ ಮಾಡಿ ಅಂದರು. ಕೆಂಪಾದರೆ ಅವತ್ತೇ ತೆಗೆದು ಬರಬೇಕು, ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೇ ತರಬೇಕು.

ಐದು ವಾರ ಗಂಟೆಗಂಟೆಗೂ ಹನಿ ಬಿಟ್ಟೆವು, ರಾತ್ರಿ ನಾನೇ ಎದ್ದು ಬಿಡ್ತಿದ್ದೆ. ಕಣ್ಣು ಉಳಿಯಿತು. ಓರೆಯಲ್ಲಿ ಸಾಸಿವೆಯಷ್ಟು ಬಿಳಿ ಇದೆ, ಹತ್ತಿರ ಹೋಗಿ ನೋಡಿದರೆ ಕಾಣುತ್ತೆ. ಈಗ ಅವಳದು ಕನ್ನಡಕ. ಅದರ ಚೀಟಿ ನನ್ನ ಪದದ ಪುಸ್ತಕದೊಳಗಿದೆ, ಬರುವ ಚಿತ್ತಿರೆಗೆ ವರ್ಷ ತುಂಬುತ್ತೆ, ತಿರುಗಿ ಹೋಗಿ ತೋರಿಸಬೇಕು.