ಬೆನ್ನಿನಲ್ಲಿ ಪರದೆಯಿಲ್ಲದ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ

ಡಿಜಿಟಲ್ ಕ್ಯಾಮೆರಾ ಎಂದೊಡನೆ ಕಣ್ಣಮುಂದೆ ಬರುವುದು ಅದರ ಹಿಂಬದಿಯ ಪರದೆ. ಚಿತ್ರ ತೆಗೆದ ಮರುಕ್ಷಣ ಅದು ಹೇಗೆ ಬಂದಿದೆಯೆಂದು ತೋರಿಸುವ ಈ ಪುಟ್ಟ ಕಿಟಕಿಯೇ ಫಿಲ್ಮ್ ಯುಗಕ್ಕೂ ಡಿಜಿಟಲ್ ಯುಗಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸವೆಂದು ಸಾಮಾನ್ಯ ಬಳಕೆದಾರರು ಭಾವಿಸುತ್ತಾರೆ. ಆ ಪರದೆಯನ್ನೇ ಬೇಕೆಂದು ಕೈಬಿಟ್ಟು ತಯಾರಾಗುವ ಕ್ಯಾಮೆರಾಗಳ ಚಿಕ್ಕದೊಂದು ವರ್ಗವಿದೆ. ಇವುಗಳಲ್ಲಿ ಬಿಂಬ ಬೀಳುವುದು ಡಿಜಿಟಲ್ ಸೆನ್ಸರ್ ಮೇಲೆ. ಆದರೆ ಚೌಕಟ್ಟು ಕಟ್ಟುವುದು, ಫೋಕಸ್ ಮಾಡುವುದು ಎಲ್ಲವೂ ಗಾಜಿನ ಕಿಂಡಿಯ ಮೂಲಕ. ಜರ್ಮನಿಯ ಲೈಕಾ ಹಾಗೂ ಫ್ರಾನ್ಸಿನ ಪಿಕ್ಸಿ ಈ ವರ್ಗದ ಮುಖ್ಯ ಹೆಸರುಗಳು.

ರೇಂಜ್‌ಫೈಂಡರ್ ಎಂದರೆ ದೂರಮಾಪಕ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕ ಲೆನ್ಸ್‌ನ ಮೂಲಕವೇ ನೋಡುತ್ತಾನೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ, ನೋಡುವ ಕಿಂಡಿ ಬೇರೆ, ಚಿತ್ರ ತೆಗೆಯುವ ಲೆನ್ಸ್ ಬೇರೆ. ಕ್ಯಾಮೆರಾದ ಮುಂಭಾಗದಲ್ಲಿ ಒಂದಕ್ಕೊಂದು ತುಸು ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ಲೈಕಾ ಎಂ ಸರಣಿಯಲ್ಲಿ ಈ ಅಂತರ 69.25 ಮಿಲಿಮೀಟರ್. ಎರಡನೆಯ ಕಿಂಡಿಯಿಂದ ಬಂದ ಬಿಂಬವನ್ನು ಕನ್ನಡಿ ಮತ್ತು ಪಟ್ಟಕಗಳು ಮೊದಲ ಕಿಂಡಿಯ ನಡುವಿನ ಚಿಕ್ಕ ಚೌಕದಲ್ಲಿ ತಂದು ಕೂರಿಸುತ್ತವೆ. ಫೋಕಸ್ ಸರಿಯಿಲ್ಲದಿದ್ದರೆ ಆ ಚೌಕದಲ್ಲಿ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್‌ನ ಉಂಗುರವನ್ನು ತಿರುಗಿಸಿದಂತೆ ಕ್ಯಾಮೆರಾದೊಳಗಿನ ಸನ್ನೆಯೊಂದು ಚಲಿಸಿ ಎರಡು ಬಿಂಬಗಳೂ ಹತ್ತಿರವಾಗುತ್ತವೆ. ಅವೆರಡೂ ಒಂದಾದ ಕ್ಷಣವೇ ಫೋಕಸ್ ಕೂಡಿದ ಕ್ಷಣ. ಈ ಕೆಲಸಕ್ಕೆ ವಿದ್ಯುತ್ತಿನ ಹಂಗಿಲ್ಲ. ಲೆನ್ಸ್‌ಗೆ ಜೋಡಿಸಿದ ಇಂಥ ದೂರಮಾಪಕ ಲೈಕಾದಲ್ಲಿ ಬಂದದ್ದು 1932ರಲ್ಲಿ. ಇಂದಿಗೂ ಚಾಲ್ತಿಯಲ್ಲಿರುವ ಎಂ ವಿನ್ಯಾಸ ಆರಂಭವಾದದ್ದು 1954ರ ಎಂ3 ಮಾದರಿಯಿಂದ.

ಈ ಕಿಂಡಿಯ ಗುಣವನ್ನು ಅರಿಯಲು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಕುಂಸಿ ರೈಲು ನಿಲ್ದಾಣವನ್ನು ಕಲ್ಪಿಸಿಕೊಂಡರೆ ಸಾಕು. ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಇಳಿಯುವವರು, ಹತ್ತುವವರು, ಗಂಟುಮೂಟೆ, ಎಲ್ಲವೂ ಕೆಲವೇ ಕ್ಷಣಗಳ ಗಡಿಬಿಡಿ. ರೇಂಜ್‌ಫೈಂಡರ್‌ನ ಕಿಂಡಿಯಲ್ಲಿ ಚಿತ್ರದ ಎಲ್ಲೆ ಒಂದು ಬೆಳಕಿನ ಗೆರೆಯಾಗಿ ಮಾತ್ರ ಕಾಣುತ್ತದೆ. 35 ಅಥವಾ 50 ಮಿ.ಮೀ. ಲೆನ್ಸ್ ಹಾಕಿದ್ದಾಗ ಗೆರೆಯ ಆಚೆಗಿನ ದೃಶ್ಯವೂ ಕಣ್ಣಿಗೆ ಬೀಳುವುದರಿಂದ ಮೂಟೆ ಹೊತ್ತವನು ಚೌಕಟ್ಟಿನೊಳಗೆ ಕಾಲಿಡುವ ಮೊದಲೇ ಛಾಯಾಗ್ರಾಹಕನಿಗೆ ಅವನ ಸುಳಿವು ಸಿಗುತ್ತದೆ. ಚಿತ್ರ ದಾಖಲಾಗುವ ಕ್ಷಣದಲ್ಲಿ ಎಸ್‌ಎಲ್‌ಆರ್‌ನಂತೆ ಕಿಂಡಿ ಕತ್ತಲಾಗುವುದೂ ಇಲ್ಲ. 35 ಮಿ.ಮೀ. ಲೆನ್ಸ್‌ನ ಅಪರ್ಚರನ್ನು 8ಕ್ಕೂ ಫೋಕಸನ್ನು 3 ಮೀಟರಿಗೂ ಮೊದಲೇ ಹೊಂದಿಸಿಟ್ಟರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗಿನ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಆಗ ಕ್ಯಾಮೆರಾ ಎತ್ತಿ ಗುಂಡಿ ಒತ್ತುವುದಷ್ಟೇ ಕೆಲಸ. ಇಂಥ ಸ್ಥಳದಲ್ಲಿ ತಲೆ ತಗ್ಗಿಸಿ ಪರದೆ ನೋಡುತ್ತ ನಿಂತವನಿಗೆ ಮುಂದಿನ ಚಿತ್ರ ತಪ್ಪುತ್ತದೆ ಎಂಬುದೇ ಪರದೆರಹಿತ ಕ್ಯಾಮೆರಾದ ಪರವಾದ ಮುಖ್ಯ ವಾದ.

ಬೆಳೆದು ಬಂದ ದಾರಿ

ಮಾರುಕಟ್ಟೆಗೆ ಬಂದ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಜಪಾನಿನ ಎಪ್ಸನ್ ಸಂಸ್ಥೆಯ ಆರ್-ಡಿ1. 2004ರಲ್ಲಿ ಪ್ರಕಟವಾದ ಇದರ ಸೆನ್ಸರ್ 6.1 ಮೆಗಾಪಿಕ್ಸೆಲ್‌ನದು. ಪ್ರಿಂಟರ್‌ಗಳಿಗೆ ಹೆಸರಾದ ಕಂಪನಿಯೊಂದು ಈ ಸಾಹಸಕ್ಕೆ ಕೈಹಾಕಿದ್ದೇ ಸೋಜಿಗ. ಅದರಲ್ಲಿ ಪರದೆ ಇತ್ತು. ಆದರೆ ಅದನ್ನು ತಿರುಗಿಸಿ ಒಳಮುಖವಾಗಿ ಮಡಚಿದರೆ ಕ್ಯಾಮೆರಾ ಥೇಟ್ ಹಳೆಯ ಫಿಲ್ಮ್ ಯಂತ್ರದಂತೆ ಕಾಣುತ್ತಿತ್ತು. ಉಳಿದ ಚಿತ್ರಗಳ ಸಂಖ್ಯೆ, ಬ್ಯಾಟರಿಯ ಮಟ್ಟಗಳನ್ನು ಗಡಿಯಾರದ ಮುಳ್ಳುಗಳು ತೋರಿಸುತ್ತಿದ್ದವು. ಪ್ರತಿ ಚಿತ್ರಕ್ಕೂ ಮುನ್ನ ಸನ್ನೆಯನ್ನೆಳೆದು ಷಟರ್ ಸಜ್ಜುಗೊಳಿಸಬೇಕಿತ್ತು. 2006ರಲ್ಲಿ ಲೈಕಾ ಎಂ8, 2009ರಲ್ಲಿ ಪೂರ್ಣ ಚೌಕಟ್ಟಿನ ಸೆನ್ಸರ್ ಹೊಂದಿದ ಎಂ9 ಬಂದವು. ಎರಡಕ್ಕೂ ಪರದೆ ಇತ್ತು.

ಪರದೆಯನ್ನು ಪೂರ್ಣವಾಗಿ ಕೈಬಿಟ್ಟದ್ದು 2014ರ ಲೈಕಾ ಎಂ ಎಡಿಷನ್ 60. ಎಂ ಸರಣಿಯ ಅರುವತ್ತು ವರ್ಷದ ನೆನಪಿಗಾಗಿ ತಯಾರಾದ ಈ ಉಕ್ಕಿನ ಕ್ಯಾಮೆರಾದ ಸಂಖ್ಯೆ 600 ಮಾತ್ರ. ಅದು ಸಂಗ್ರಾಹಕರ ಕಪಾಟಿನ ವಸ್ತುವಾಗಿತ್ತೇ ಹೊರತು ದುಡಿಮೆಯ ಸಾಧನವಾಗಿರಲಿಲ್ಲ ಎಂದರೆ ತಪ್ಪಾಗದು. ಆದರೆ 2016ರಲ್ಲಿ ಸಂಸ್ಥೆಯು ಎಂ-ಡಿ ಎಂಬ ಹೆಸರಿನಲ್ಲಿ ಅದೇ ವಿಚಾರವನ್ನು ಸಾಮಾನ್ಯ ಉತ್ಪಾದನೆಗೆ ತಂದಿತು. ಪರದೆ ಇರಬೇಕಾದ ಜಾಗದಲ್ಲಿ ಐಎಸ್‌ಒ ನಿಗದಿಪಡಿಸುವ ದುಂಡನೆಯ ಡಯಲ್ ಕುಳಿತಿತ್ತು. ಮೆನು ಇಲ್ಲ, ವಿಡಿಯೊ ಇಲ್ಲ. ಚಿತ್ರಗಳು ಕಚ್ಚಾ ಡಿಎನ್‌ಜಿ ರೂಪದಲ್ಲಿ ಮಾತ್ರ ದಾಖಲಾಗುತ್ತಿದ್ದವು. 2018ರ ಎಂ10-ಡಿ ವೈ-ಫೈ ಸೌಲಭ್ಯ ಪಡೆಯಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಎಂ11-ಡಿ 60 ಮೆಗಾಪಿಕ್ಸೆಲ್ ಸೆನ್ಸರ್ ಹಾಗೂ 256 ಜಿಬಿ ಆಂತರಿಕ ಸಂಗ್ರಹವನ್ನು ಹೊಂದಿದೆ.

ಫ್ರಾನ್ಸಿನ ಬೆಸಾನ್ಸೋ ಪಟ್ಟಣ ಕೈಗಡಿಯಾರಗಳ ತಯಾರಿಕೆಗೆ ಹೆಸರಾದದ್ದು. ಅಲ್ಲಿ ಹುಟ್ಟಿದ ಪಿಕ್ಸಿ 2018ರಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಇದಕ್ಕೆ ಹಿಂಬದಿ ಪರದೆಯಷ್ಟೇ ಅಲ್ಲ, ಮೆಮೊರಿ ಕಾರ್ಡಿನ ಜಾಗವೂ ಇಲ್ಲ. ಚಿತ್ರಗಳು ಕ್ಯಾಮೆರಾದೊಳಗೇ ಉಳಿದು ಮೊಬೈಲಿಗೆ ರವಾನೆಯಾಗುತ್ತವೆ. ಲೈಕಾದ ಎಂ ಲೆನ್ಸ್‌ಗಳೇ ಇದಕ್ಕೂ ಒಗ್ಗುತ್ತವೆ. ಪೂರ್ಣ ಚೌಕಟ್ಟಿನ ಪಿಕ್ಸಿ ಮ್ಯಾಕ್ಸ್ 2024ರಲ್ಲಿ ಬಂದಿತು. ಫ್ಯೂಜಿಫಿಲ್ಮ್ ಸಂಸ್ಥೆಯ 2019ರ ಎಕ್ಸ್-ಪ್ರೊ3 ಕೂಡ ಪರದೆಯನ್ನು ಮರೆಮಾಡಿದ ಕ್ಯಾಮೆರಾವೇ. ಆದರೆ ಅದರಲ್ಲಿ ಬಿಂಬಗಳನ್ನು ಕೂಡಿಸುವ ಯಾಂತ್ರಿಕ ದೂರಮಾಪಕವಿಲ್ಲ. ರೂಪ ನೋಡಿ ಅದನ್ನು ರೇಂಜ್‌ಫೈಂಡರ್ ಎನ್ನುವುದು ರೂಢಿಯಷ್ಟೆ.

ಫಿಲ್ಮ್‌ನಂತೆಯೇ ಎನ್ನಲಾಗದು

ಹಿಂದಿನವರಿಗೆ ಪರದೆ ಎಲ್ಲಿತ್ತು ಎಂಬುದು ಈ ಕ್ಯಾಮೆರಾಗಳ ಅಭಿಮಾನಿಗಳ ಪ್ರಶ್ನೆ. ಮಾತು ನಿಜ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದ ಮೈಸೂರಿನ ಟಿ.ಎಸ್. ಸತ್ಯನ್ ಮತ್ತವರ ಪೀಳಿಗೆಯ ಪತ್ರಿಕಾ ಛಾಯಾಗ್ರಾಹಕರು ಚಿತ್ರ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಕತ್ತಲೆ ಕೋಣೆಯವರೆಗೆ ಕಾಯಲೇಬೇಕಿತ್ತು. ಆದರೆ ಈ ಹೋಲಿಕೆ ಅರ್ಧ ಮಾತ್ರ ಸರಿ. ನೆಗೆಟಿವ್ ಫಿಲ್ಮ್ ಅಧಿಕ ಬೆಳಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಡಿಜಿಟಲ್ ಸೆನ್ಸರ್‌ನಲ್ಲಿ ಬೆಳಕು ಮಿತಿ ಮೀರಿದರೆ ಆ ಭಾಗ ಬರಿಯ ಬಿಳುಪು. ಅಲ್ಲಿನ ವಿವರವನ್ನು ಯಾವ ಸಾಫ್ಟ್‌ವೇರೂ ಮರಳಿಸಲಾರದು. ಮಲೆನಾಡಿನ ಅಡಿಕೆ ತೋಟದ ನೆರಳಿನಲ್ಲಿ ಬಿಳಿ ಪಂಚೆ ಉಟ್ಟು ನಿಂತವರ ಮೇಲೆ ಬಿಸಿಲಿನ ಕೋಲು ಬಿದ್ದರೆ ಮಾಪಕ ಕತ್ತಲನ್ನು ನಂಬಿ ಪಂಚೆಯನ್ನು ಸುಟ್ಟೀತು. ಪರದೆ ಇದ್ದವರು ಎರಡನೆಯ ಚಿತ್ರದಲ್ಲಿ ತಿದ್ದಿಕೊಳ್ಳುತ್ತಾರೆ. ಇಲ್ಲದವರು ಬೆಳಕನ್ನು ಮೊದಲೇ ಓದಬೇಕು, ಬಿಳುಪಿನ ಕಡೆಗೆ ಎಚ್ಚರವಿಟ್ಟು ತುಸು ಕಡಿಮೆ ಬೆಳಕಿಗೇ ಹೊಂದಿಸಬೇಕು. ನೆರಳಿನ ವಿವರವನ್ನು ಕಚ್ಚಾ ಕಡತದಿಂದ ಆಮೇಲೆ ಮೇಲೆತ್ತಲು ಸಾಧ್ಯ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬಿದ್ದು ಪೆಟ್ಟಾಗಿ ದೂರಮಾಪಕದ ಹೊಂದಾಣಿಕೆ ಕೆಟ್ಟಿದ್ದರೆ ಕಿಂಡಿಯಲ್ಲಿ ಬಿಂಬಗಳು ಕೂಡಿದಂತೆ ಕಂಡರೂ ಚಿತ್ರ ಮಸುಕಾಗಿರುತ್ತದೆ. ಸೆನ್ಸರ್ ಮೇಲೆ ಧೂಳು ಕುಳಿತಿದ್ದರೆ ಅದು ಪ್ರತಿ ಚಿತ್ರದಲ್ಲೂ ಇರುತ್ತದೆ. ದಿನದ ಕೊನೆಗೆ ಕಂಪ್ಯೂಟರ್ ತೆರೆಯುವವರೆಗೆ ಇದ್ಯಾವುದೂ ತಿಳಿಯದು. ಮೊಬೈಲಿನಲ್ಲಿ ನೋಡಬಹುದಲ್ಲ ಎಂದರೆ, ಬೆನ್ನಿನ ಪರದೆ ಜೇಬಿಗೆ ಬಂದಂತಾಯಿತೇ ಹೊರತು ಹೋದಂತಾಗಲಿಲ್ಲ. ಜೊತೆಗೆ ಕ್ಯಾಮೆರಾದ ಸೌಲಭ್ಯ ಒಂದು ಆ್ಯಪ್‌ನ ಆಯುಷ್ಯಕ್ಕೆ ಗಂಟುಬೀಳುತ್ತದೆ.

ಸುದ್ದಿಚಿತ್ರಗಳ ದೃಷ್ಟಿಯಿಂದ ಎಂ11-ಡಿಯ ಒಂದು ಅಂಶ ಗಮನಾರ್ಹ. ಚಿತ್ರ ದಾಖಲಾಗುವಾಗಲೇ ಅದಕ್ಕೆ ಡಿಜಿಟಲ್ ಸಹಿ ಹಾಕುವ ಕಂಟೆಂಟ್ ಕ್ರೆಡೆನ್ಷಿಯಲ್ಸ್ ವ್ಯವಸ್ಥೆ ಇದರಲ್ಲಿದೆ; 2023ರ ಎಂ11-ಪಿ ಮಾದರಿಯಲ್ಲಿ ಲೈಕಾ ಇದನ್ನು ಮೊದಲು ಅಳವಡಿಸಿತ್ತು. ಯಾವ ಕ್ಯಾಮೆರಾ, ಯಾವಾಗ, ನಂತರ ಏನು ತಿದ್ದುಪಡಿ ಎಂಬುದರ ಜಾಡನ್ನು ಈ ಸಹಿಯಿಂದ ಪರಿಶೀಲಿಸಬಹುದು. ಕೃತಕ ಬುದ್ಧಿಮತ್ತೆಯ ಹುಸಿಚಿತ್ರಗಳ ಕಾಲದಲ್ಲಿ ಪರದೆ ಇದೆಯೇ ಇಲ್ಲವೇ ಎಂಬುದಕ್ಕಿಂತ ಓದುಗರಿಗೆ ಮುಖ್ಯವಾಗಬೇಕಾದದ್ದು ಇದು.

ಎಲ್ಲ ಕೆಲಸಕ್ಕೂ ಈ ಕ್ಯಾಮೆರಾ ಒಗ್ಗದು. ಎಂ ಸರಣಿಯ ಕಿಂಡಿಯಲ್ಲಿ 135 ಮಿ.ಮೀ.ಗಿಂತ ಉದ್ದದ ಲೆನ್ಸ್‌ಗೆ ಗೆರೆಯೇ ಇಲ್ಲ. ಮಂಡಗದ್ದೆಯ ಹಕ್ಕಿಗಳಿಗಾಗಲಿ ತ್ಯಾವರೆಕೊಪ್ಪದ ಹುಲಿ-ಸಿಂಹಗಳಿಗಾಗಲಿ ಇದು ತಕ್ಕ ಸಾಧನವಲ್ಲ. ಮದುವೆ ಮನೆಯಲ್ಲಿ ಧಾರೆಯ ಚಿತ್ರ ಬಂತೇ ಎಂದು ಹೆಣ್ಣಿನ ಕಡೆಯವರು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಬೆಲೆಯಂತೂ ಜನಸಾಮಾನ್ಯರ ಕೈಗೆಟುಕುವಂಥದಲ್ಲ: ಎಂ11-ಡಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ 9,395 ಡಾಲರ್, ಲೆನ್ಸ್ ಪ್ರತ್ಯೇಕ. ಪರದೆಯಿಲ್ಲದೆ ಚಿತ್ರ ತೆಗೆಯುವ ಶಿಸ್ತನ್ನು ಪರೀಕ್ಷಿಸಬಯಸುವವರು ತಮ್ಮಲ್ಲಿರುವ ಕ್ಯಾಮೆರಾದ ಮೆನುವಿನಲ್ಲಿ ತೆಗೆದ ಚಿತ್ರವನ್ನು ತೋರಿಸುವ ಆಯ್ಕೆಯನ್ನು ಒಂದು ವಾರ ನಿಲ್ಲಿಸಿ ನೋಡಬಹುದು. ಅದಕ್ಕೆ ಖರ್ಚಿಲ್ಲ.